ನೂರು ಯೋಜನದ ನಡಿಗೆ

ನಮ್ಮ ಮನೆಗಳಲ್ಲಿ ಈ ಕಾಯಿಲೆಗೆ ಹಲವು ಹೆಸರುಗಳು. ಅಜ್ಜಿಯರ ಕಾಲದವರು ‘ಸಿಹಿಮೂತ್ರ’ ಎನ್ನುತ್ತಿದ್ದರು. ಅವರ ಮಕ್ಕಳು ‘ಸಕ್ಕರೆ ಕಾಯಿಲೆ’ ಎಂದರು. ಈಗ ಮೈಸೂರಿನಲ್ಲಾಗಲಿ ಮಾಟುಂಗದಲ್ಲಾಗಲಿ ‘ಶುಗರ್’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಆದರೆ ಈ ಹೆಸರುಗಳ ಕೆಳಗೆ ಎರಡು ಬೇರೆ ಬೇರೆ ವ್ಯಾಧಿಗಳಿವೆ. ಹೆಚ್ಚಾಗಿ ನಡುವಯಸ್ಸಿನಲ್ಲಿ ನಿಧಾನವಾಗಿ ತಲೆಹಾಕುವುದು ‘ಟೈಪ್ 2’. ಅದರಲ್ಲಿ ದೇಹದೊಳಗೆ ಇನ್ಸುಲಿನ್ ಇದ್ದರೂ ಅದರ ಕೆಲಸ ಸರಿಯಾಗಿ ಸಾಗುವುದಿಲ್ಲ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಹಠಾತ್ತನೆ ಕಾಣಿಸಿಕೊಂಡು ಕೆಲವೇ ವಾರಗಳಲ್ಲಿ ಮೈಯನ್ನು ಕರಗಿಸಿಬಿಡುವುದು ‘ಟೈಪ್ 1’. ಅದರಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೊರಗಿನಿಂದ ಚುಚ್ಚಿಕೊಳ್ಳದೆ ಆ ರೋಗಿ ಬದುಕಲಾರ.

ಈ ಟೈಪ್ 1 ರೋಗಿಗಳು ಇಂದು ಟ್ರಯಥ್ಲಾನ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಾರೆ. ಈಜು, ಸೈಕಲ್ ಸವಾರಿ, ಓಟ ಮೂರನ್ನೂ ನಡುವೆ ಬಿಡುವಿಲ್ಲದೆ ಒಂದೇ ದಿನ ಮುಗಿಸಬೇಕಾದ ಸ್ಪರ್ಧೆ ಅದು. ಅದರ ಅತಿ ಕಠಿಣ ರೂಪವಾದ ಐರನ್‌ಮ್ಯಾನ್‌ನಲ್ಲಿ 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, ಕೊನೆಗೆ 42.2 ಕಿ.ಮೀ. ಓಡಬೇಕು. ನೂರು ವರ್ಷಗಳ ಹಿಂದೆ ಹಾಸಿಗೆ ಬಿಟ್ಟು ಏಳಲಾರದೆ ಸಾಯುತ್ತಿದ್ದವರ ಸಾಲಿನವರು ಇದನ್ನು ಮಾಡುತ್ತಾರೆಂದರೆ, ‘ಇನ್ಸುಲಿನ್ ಬಂತು, ಎದ್ದು ಓಡಿದರು’ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಇನ್ಸುಲಿನ್ ಬಂದದ್ದು 1922ರಲ್ಲಿ. ಓಡುವ ಧೈರ್ಯ ಸಾಮಾನ್ಯ ರೋಗಿಗೆ ದೊರೆತದ್ದು ಅದಾದ ಅರ್ಧ ಶತಮಾನದ ಮೇಲೆ. ನಡುವಿನ ಆ ಕಾಲದಲ್ಲಿ ಏನು ಕೊರತೆಯಿತ್ತು, ಅದನ್ನು ತುಂಬಿದವರು ಯಾರು ಎಂಬುದೇ ಈ ಬರಹದ ವಿಷಯ.

ಕಥೆಯನ್ನು ತುಸು ಹಿಂದಿನಿಂದ ಆರಂಭಿಸಬೇಕಾಗುತ್ತದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವನ್ನು ಎರಡಾಗಿ ವಿಂಗಡಿಸಲಾಗಿದೆ. ಹುಟ್ಟಿನೊಂದಿಗೇ ಬರುವುದು ಒಂದು, ತಪ್ಪು ಆಹಾರವಿಹಾರದಿಂದ ಬರುವುದು ಇನ್ನೊಂದು. ಮೊದಲನೆಯವನು ಕೃಶ, ಬಾಯಾರಿದವನು. ಎರಡನೆಯವನು ಸ್ಥೂಲ, ಹಾಸಿಗೆ ನಿದ್ರೆಗಳ ಮೇಲೆ ಪ್ರೀತಿಯುಳ್ಳವನು. ಈ ಕೃಶನೇ ಇಂದಿನ ಟೈಪ್ 1 ರೋಗಿ ಎಂದು ಸಾಧಿಸಹೊರಡುವುದು ಸರಿಯಲ್ಲ. ಆ ಕಾಲದ ವಿಂಗಡಣೆಯ ತರ್ಕವೇ ಬೇರೆ. ಆದರೂ ಚಿಕಿತ್ಸೆಯ ಭಾಗದಲ್ಲಿ ಒಂದು ಮಾತು ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಹಣವಿಲ್ಲದ, ಬಂಧುಗಳಿಲ್ಲದ ರೋಗಿಗೆ ಅಲ್ಲಿ ಔಷಧವಾಗಿ ಹೇಳಿರುವುದು ನಡಿಗೆಯನ್ನು. ಪಾದರಕ್ಷೆಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನ ಉಂಡು, ಒಂದು ಊರಿನಲ್ಲಿ ಒಂದು ರಾತ್ರಿಗಿಂತ ಹೆಚ್ಚು ತಂಗದೆ ಆತ ನೂರು ಯೋಜನ ಅಥವಾ ಇನ್ನೂ ಹೆಚ್ಚು ನಡೆಯಬೇಕು. ಬೇರೆ ಕೆಲವರು ಬಾವಿ ತೋಡಬೇಕು. ಕೃಶನಾದವನನ್ನು ಮಾತ್ರ ಸದಾ ರಕ್ಷಿಸಬೇಕು.

ದೇಹಶ್ರಮ ಮತ್ತು ರಕ್ಷಣೆ: ಎರಡು ಸಾವಿರ ವರ್ಷಗಳ ಅನಂತರವೂ ವೈದ್ಯರು ಈ ಎರಡು ಮಾತುಗಳ ನಡುವೆಯೇ ತೂಗಾಡುತ್ತಿದ್ದರು.

ಯುರೋಪಿನ ವೈದ್ಯಕ್ಕೆ ರೋಗದ ಮೂಲ ತಿಳಿದದ್ದು ಬಹಳ ತಡವಾಗಿ. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಆವಿಮಾಡಿ, ಉಳಿದದ್ದು ಸಕ್ಕರೆಯೆಂದು ತೋರಿಸಿದರು. 1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯಲ್ಲಿ ಸಣ್ಣ ದ್ವೀಪಗಳಂತೆ ಹರಡಿಕೊಂಡ ಜೀವಕೋಶಗಳ ಗುಂಪುಗಳನ್ನು ಕಂಡರು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಆ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ಕಾರಣ ತಿಳಿಯಿತು, ಪರಿಹಾರ ತಿಳಿಯಲಿಲ್ಲ.

ಪರಿಹಾರವಿಲ್ಲದ ಆ ದಿನಗಳಲ್ಲಿ ಅಮೆರಿಕದ ಫ್ರೆಡರಿಕ್ ಅಲೆನ್ ಕಂಡುಕೊಂಡ ದಾರಿ ಉಪವಾಸ. ಮೈಯೊಳಗೆ ಸಕ್ಕರೆಯನ್ನು ಬಳಸುವ ಶಕ್ತಿಯೇ ಇಲ್ಲದಿದ್ದರೆ ಆಹಾರವನ್ನೇ ಕಡಿಮೆ ಮಾಡುವುದು, ಮೂತ್ರದಲ್ಲಿ ಸಕ್ಕರೆ ಮಾಯವಾಗುವವರೆಗೆ ಕಡಿಮೆ ಮಾಡುತ್ತಲೇ ಹೋಗುವುದು. ವ್ಯಾಯಾಮದಿಂದ ರಕ್ತದ ಸಕ್ಕರೆ ಇಳಿಯುತ್ತದೆಂದು 1915ರಲ್ಲಿ ಅವರು ಬರೆದರು. ಹಸಿದ ರೋಗಿಗಳಿಗೆ ವ್ಯಾಯಾಮವನ್ನೂ ಹೇಳಿದರು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್‌ಗೆ 1919ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ರೋಗ ಕಾಣಿಸಿತು. ಅಲೆನ್ನರ ಆರೈಕೆಯಲ್ಲಿ ಮೂರು ವರ್ಷ ಬದುಕಿದ ಆ ಹುಡುಗಿ 1922ರ ಆಗಸ್ಟಿನಲ್ಲಿ ಟೊರಾಂಟೊ ತಲುಪಿದಾಗ ತೂಗುತ್ತಿದ್ದದ್ದು 45 ಪೌಂಡು, ಎಂದರೆ ಸುಮಾರು 20 ಕಿಲೊ. ಅಲೆನ್ನರನ್ನು ಕ್ರೂರಿಯೆಂದು ಜರೆಯುವುದು ಸುಲಭ. ಆದರೆ ಇನ್ಸುಲಿನ್ ಬರುವವರೆಗೆ ಉಸಿರು ಹಿಡಿದಿದ್ದವರಲ್ಲಿ ಹಲವರು ಅವರ ಪಥ್ಯದಿಂದಲೇ ಉಳಿದಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಟೊರಾಂಟೊದ ಕಥೆ ಹಲವರಿಗೆ ಗೊತ್ತಿರುವಂಥದು. 1921ರ ಮೇ ತಿಂಗಳಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರಾಧ್ಯಾಪಕ ಮೆಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಆರಂಭಿಸಿದರು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು, ಅದು ಫಲಿಸಲಿಲ್ಲ. ಜೀವರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಆ ರಸವನ್ನು ಶುದ್ಧಗೊಳಿಸಿದ ಮೇಲೆ ಜನವರಿ 23ರಂದು ಮತ್ತೆ ಕೊಟ್ಟರು; ಹುಡುಗ ಚೇತರಿಸಿಕೊಂಡ. ದ್ವೀಪವೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಇನ್ಸುಲಿನ್ ಎಂಬ ಹೆಸರು ಬಂತು. ಅದರ ಹಕ್ಕುಸ್ವಾಮ್ಯವನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. 1923ರ ನೊಬೆಲ್ ಪ್ರಶಸ್ತಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ಸಂದಿತು. ಒಬ್ಬರು ತಮ್ಮ ಪಾಲಿನ ಹಣವನ್ನು ಬೆಸ್ಟ್ ಅವರೊಂದಿಗೆ, ಇನ್ನೊಬ್ಬರು ಕಾಲಿಪ್ ಅವರೊಂದಿಗೆ ಹಂಚಿಕೊಂಡರು.

ಇದೇ ಕಥೆಯ ಇನ್ನೊಂದು ಘಟನೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕಾಲಿಪ್ ತಾವು ಶುದ್ಧಗೊಳಿಸಿದ ರಸವನ್ನು ಮೊಲಗಳಿಗೆ ಚುಚ್ಚಿ ನೋಡುತ್ತಿದ್ದರು. ಪ್ರಮಾಣ ಮೀರಿದಾಗ ಮೊಲಗಳು ಸೆಟೆದು ಬಿದ್ದು ಒದ್ದಾಡುತ್ತಿದ್ದವು. ಗ್ಲೂಕೋಸ್ ಕೊಟ್ಟೊಡನೆ ಎದ್ದು ಕೂರುತ್ತಿದ್ದವು. ಪ್ರಾಣ ಉಳಿಸುವ ವಸ್ತುವಿಗೆ ಪ್ರಾಣ ತೆಗೆಯುವ ಶಕ್ತಿಯೂ ಇದೆಯೆಂದು ಅಲ್ಲಿ ಗೊತ್ತಾಯಿತು. ಸಕ್ಕರೆ ಹೆಚ್ಚುವುದಷ್ಟೇ ಭಯವಾಗಿದ್ದ ರೋಗಕ್ಕೆ ಸಕ್ಕರೆ ಇಳಿಯುವ ಭಯವೂ ಸೇರಿಕೊಂಡಿತು. ನಡುಕ, ಬೆವರು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಕೊನೆಗೆ ಪ್ರಜ್ಞೆ ತಪ್ಪುವುದು. ಟೈಪ್ 1 ರೋಗಿಗಳ ಮನೆಯವರೆಲ್ಲರೂ ಬಲ್ಲ ಈ ‘ಲೋ’ ಆಗುವ ಅವಸ್ಥೆ ಇನ್ಸುಲಿನ್ನಿನ ಜೊತೆಗೇ ಬಂದದ್ದು.

ವ್ಯಾಯಾಮಕ್ಕೂ ಈ ಅವಸ್ಥೆಗೂ ಇರುವ ನಂಟನ್ನು ಬಿಡಿಸಿ ತೋರಿಸಿದವರು ಸ್ವತಃ ಒಬ್ಬ ರೋಗಿ. ಸ್ಕಾಟ್ಲೆಂಡಿನ ಅಬರ್ಡೀನ್‌ನವರಾದ ಆರ್. ಡಿ. ಲಾರೆನ್ಸ್ ಲಂಡನ್ನಿನಲ್ಲಿ ಶಸ್ತ್ರವೈದ್ಯರಾಗಲು ಹೊರಟವರು. 1920ರಲ್ಲಿ ಅವರಿಗೆ ಮಧುಮೇಹವಿರುವುದು ಗೊತ್ತಾಯಿತು. ಮನೆಯವರ ಕಣ್ಣೆದುರು ಸಾಯುವುದು ಬೇಡವೆಂದು ಇಟಲಿಯ ಫ್ಲಾರೆನ್ಸ್‌ಗೆ ಹೋಗಿ ನೆಲೆಸಿದರು. 1923ರಲ್ಲಿ ಲಂಡನ್ನಿನ ಗೆಳೆಯರಿಂದ ತಂತಿ ಬಂತು: ಇನ್ಸುಲಿನ್ ಸಿಕ್ಕಿದೆ, ಕೆಲಸ ಮಾಡುತ್ತಿದೆ, ಬೇಗ ಹೊರಟು ಬಾ ಎಂಬುದು ಅದರ ಸಾರ. ಹಿಂದಿರುಗಿ ಮೇ ತಿಂಗಳ ಕೊನೆಯ ದಿನ ಮೊದಲ ಚುಚ್ಚುಮದ್ದು ತೆಗೆದುಕೊಂಡ ಲಾರೆನ್ಸ್ 1968ರವರೆಗೆ ಬದುಕಿದರು. 1926ರಲ್ಲಿ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನದ ವಿಷಯ ಇನ್ಸುಲಿನ್ ಮೇಲೆ ವ್ಯಾಯಾಮದ ಪರಿಣಾಮ. ತಮ್ಮದೇ ದೇಹದ ಮೇಲೆ ಪ್ರಯೋಗ ನಡೆಸಿ ಅವರು ತೋರಿಸಿದ್ದಿಷ್ಟು: ಚುಚ್ಚಿಕೊಂಡ ಇನ್ಸುಲಿನ್ ಅಷ್ಟೇ ಇದ್ದರೂ ದುಡಿಯುವ ದೇಹದಲ್ಲಿ ಅದರ ಬಲ ಬಹುಪಾಲು ಹೆಚ್ಚುತ್ತದೆ.

ಏಕೆ ಹೀಗೆ? ಆರೋಗ್ಯವಂತ ಓಡಲು ತೊಡಗಿದೊಡನೆ ಅವನ ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ತಾನಾಗಿ ತಗ್ಗಿಸುತ್ತದೆ. ಯಕೃತ್ತು ತನ್ನ ಉಗ್ರಾಣದಿಂದ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯು ತೆಗೆದುಕೊಂಡಷ್ಟನ್ನು ಯಕೃತ್ತು ತುಂಬುತ್ತದೆ, ಲೆಕ್ಕ ಸರಿಹೋಗುತ್ತದೆ. ಚುಚ್ಚಿಕೊಂಡ ಇನ್ಸುಲಿನ್ನನ್ನು ಹಾಗೆ ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಅದು ಯಕೃತ್ತಿನ ಕೈಯನ್ನು ಕಟ್ಟಿಹಾಕುತ್ತದೆ. ಅತ್ತ ದುಡಿಯುವ ಸ್ನಾಯುವಾದರೋ ಇನ್ಸುಲಿನ್ನಿನ ಅಪ್ಪಣೆಗೂ ಕಾಯದೆ ಗ್ಲೂಕೋಸನ್ನು ಒಳಕ್ಕೆ ಸೆಳೆದುಕೊಳ್ಳಬಲ್ಲದು. ಎರಡೂ ಕಡೆಯಿಂದ ಖರ್ಚು, ಜಮೆ ಇಲ್ಲ. ಹಾಗೆಂದು ಇನ್ಸುಲಿನ್ನನ್ನು ತೀರ ಕಡಿಮೆ ಮಾಡಿದರೆ ಎದುರು ದಿಕ್ಕಿನ ಅಪಾಯ: ಸಕ್ಕರೆ ಏರುತ್ತದೆ, ಮೈ ಕೊಬ್ಬನ್ನು ಸುಡುತ್ತದೆ, ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಸುಶ್ರುತನ ಕಾಲದಿಂದ ಔಷಧವಾಗಿದ್ದ ನಡಿಗೆ ಇನ್ಸುಲಿನ್ ಬಂದ ಮೇಲೆ ಅಳೆದು ಕೊಡಬೇಕಾದ ಔಷಧವಾಯಿತು. ಅಳೆಯುವ ಸಾಧನ ಮಾತ್ರ ಇರಲಿಲ್ಲ.

ಇದ್ದ ಸಾಧನ ಮೂತ್ರಪರೀಕ್ಷೆಯೊಂದೇ. ಗಾಜಿನ ನಳಿಕೆಯಲ್ಲಿ ಬೆನೆಡಿಕ್ಟ್ ದ್ರಾವಣ, ಅದಕ್ಕೆ ಕೆಲವು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ; ಹಸಿರು, ಹಳದಿ, ಇಟ್ಟಿಗೆಗೆಂಪು ಆದಂತೆಲ್ಲ ಹೆಚ್ಚು. ಕುದಿಸಿ ತೊಳೆಯಬೇಕಾದ ಗಾಜಿನ ಸಿರಿಂಜು, ಕಲ್ಲಿನ ಮೇಲೆ ಮಸೆದು ಮೊನೆ ಮಾಡಿಕೊಳ್ಳಬೇಕಾದ ಸೂಜಿ ಇವುಗಳ ಜೊತೆಗೆ ಈ ನಳಿಕೆಯೂ ಮನೆಯ ಒಂದು ಮೂಲೆಯಲ್ಲಿ ಇರುತ್ತಿತ್ತು. ಆದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದ ಮೇಲಷ್ಟೇ ಅದು ಮೂತ್ರದಲ್ಲಿ ಕಾಣುತ್ತದೆ. ಕಂಡರೂ ಅದು ಕೆಲವು ಗಂಟೆಗಳ ಹಿಂದಿನ ಸುದ್ದಿ. ಸಕ್ಕರೆ 100 ಇದ್ದರೂ ನೀಲಿ, 40ಕ್ಕೆ ಇಳಿದಿದ್ದರೂ ಅದೇ ನೀಲಿ. ಓಡುವವನಿಗೆ ತಿಳಿಯಬೇಕಾದ ಒಂದೇ ಒಂದು ಸಂಗತಿಯನ್ನು ಆ ನಳಿಕೆ ಹೇಳುತ್ತಿರಲಿಲ್ಲ.

ಬೋಸ್ಟನ್ನಿನ ಎಲಿಯಟ್ ಜೋಸ್ಲಿನ್ ಆಹಾರ, ಇನ್ಸುಲಿನ್, ವ್ಯಾಯಾಮ ಈ ಮೂರನ್ನು ಒಂದು ರಥದ ಮೂರು ಕುದುರೆಗಳೆಂದು ಬಣ್ಣಿಸಿದ್ದರು. ಹೋಲಿಕೆ ಚೆನ್ನಾಗಿದೆ, ಆದರೆ ಸಾರಥಿಯ ಕಣ್ಣು ಕಟ್ಟಿತ್ತು. ಕಣ್ಣು ಕಟ್ಟಿದಾಗ ವಿವೇಕಿಯಾದವನು ಕುದುರೆಯನ್ನು ಓಡಿಸುವುದಿಲ್ಲ, ನಿಲ್ಲಿಸುತ್ತಾನೆ. ಶಾಲೆಯಲ್ಲಿ ಆಟದ ಪಿರಿಯಡ್ಡಿಗೆ ಹೋಗಬೇಡ, ಈಜಬೇಡ, ಒಬ್ಬಳೇ ಎಲ್ಲೂ ಹೋಗಬೇಡ ಎಂಬ ನಿಷೇಧಗಳ ಹಿಂದೆ ವೈದ್ಯರ ಕಾಠಿಣ್ಯಕ್ಕಿಂತ ಅವರ ಕುರುಡುತನದ ಅಳುಕೇ ಹೆಚ್ಚಾಗಿತ್ತು. ಕೃಶನನ್ನು ರಕ್ಷಿಸಬೇಕು ಎಂಬುದಕ್ಕೆ ಆ ಕಾಲ ಕೊಟ್ಟ ಅರ್ಥ ಅದು.

ನಿಷೇಧವನ್ನು ಮೀರಿದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಅಮೆರಿಕದ ಬಿಲ್ಲಿ ಟಾಲ್ಬರ್ಟ್‌ಗೆ ಹತ್ತನೆಯ ವಯಸ್ಸಿನಲ್ಲಿ ರೋಗ ಬಂತು. ಕೆಲವು ವರ್ಷ ಆಟ ನಿಷಿದ್ಧವಾಗಿತ್ತು. ಆಮೇಲೆ ಟೆನಿಸ್‌ಗೆ ಅಪ್ಪಣೆ ಸಿಕ್ಕಿತು. ಗಾರ್ಡ್ನರ್ ಮಲಾಯ್ ಅವರೊಂದಿಗೆ ಆತ 1942, 1945, 1946, 1948ರಲ್ಲಿ ಅಮೆರಿಕದ ರಾಷ್ಟ್ರೀಯ ಡಬಲ್ಸ್ ಪ್ರಶಸ್ತಿ ಗೆದ್ದರು. 1950ರ ದಶಕದಲ್ಲಿ ಡೇವಿಸ್ ಕಪ್ ತಂಡದ ನಾಯಕರಾದರು. ಅವರ ತಂಡದಲ್ಲಿ ಆಡಿದ ಹ್ಯಾಮ್ ರಿಚರ್ಡ್ಸನ್ ಕೂಡ ಮಧುಮೇಹಿ. ಮುಂದೆ 1974 ಮತ್ತು 1975ರಲ್ಲಿ ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಎತ್ತಿದ ಫಿಲಡೆಲ್ಫಿಯಾ ತಂಡದ ನಾಯಕ ಬಾಬಿ ಕ್ಲಾರ್ಕ್‌ಗೂ ಹರೆಯದಿಂದಲೇ ಈ ರೋಗವಿತ್ತು. ಆದರೆ ಟೆನಿಸ್, ಹಾಕಿಗಳಲ್ಲಿ ಆಟದ ನಡುವೆ ಬಿಡುವಿದೆ, ಪಕ್ಕದಲ್ಲೇ ಜನರಿದ್ದಾರೆ, ಸಕ್ಕರೆ ನೀರಿನ ಲೋಟ ಕೈಗೆಟುಕುವಷ್ಟು ದೂರದಲ್ಲಿದೆ. ತೆರೆದ ಕಡಲಿನಲ್ಲಿ ಒಂದು ಗಂಟೆ ಈಜುವವನ ಪಾಡು ಬೇರೆ.

ಈ ಕಣ್ಣುಕಟ್ಟನ್ನು ಬಿಚ್ಚಿದ್ದು 1970ರ ಸುಮಾರಿಗೆ ಬಂದ ಒಂದು ಪೆಟ್ಟಿಗೆ. ಏಮ್ಸ್ ಕಂಪೆನಿಯ ಆ ಮೀಟರು ಸುಮಾರು 3 ಪೌಂಡು ತೂಗುತ್ತಿತ್ತು. ಒಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಹಾಕಿ, ತೊಳೆದು, ಒಳಗಿಟ್ಟರೆ ಮುಳ್ಳು ಚಲಿಸಿ ಸಕ್ಕರೆಯ ಅಂಕಿಯನ್ನು ತೋರಿಸುತ್ತಿತ್ತು. ಅದನ್ನು ಮಾರುತ್ತಿದ್ದದ್ದು ವೈದ್ಯರಿಗೆ, ಆಸ್ಪತ್ರೆಗಳಿಗೆ ಮಾತ್ರ. ಹನ್ನೆರಡನೆಯ ವಯಸ್ಸಿನಿಂದ ಟೈಪ್ 1 ಇದ್ದ, ವೃತ್ತಿಯಿಂದ ಎಂಜಿನಿಯರ್ ಆದ ರಿಚರ್ಡ್ ಬರ್ನ್‌ಸ್ಟೈನ್ ವೈದ್ಯೆಯಾಗಿದ್ದ ತಮ್ಮ ಪತ್ನಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡರು. ದಿನಕ್ಕೆ ಹಲವು ಬಾರಿ ಅಳೆದು, ಬರೆದಿಟ್ಟು, ಎಷ್ಟು ಉಂಡರೆ ಎಷ್ಟು ಏರುತ್ತದೆ, ಎಷ್ಟು ಚುಚ್ಚಿಕೊಂಡರೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕವನ್ನು ತಮ್ಮದೇ ಮೈಯಿಂದ ಕಲಿತರು. ರೋಗಿಗಳು ಮನೆಯಲ್ಲೇ ರಕ್ತ ಪರೀಕ್ಷಿಸಿಕೊಳ್ಳಬಹುದೆಂಬ ಅವರ ಮಾತನ್ನು ವೈದ್ಯಕೀಯ ಪತ್ರಿಕೆಗಳು ಒಪ್ಪಲಿಲ್ಲ. ಕೊನೆಗೆ ತಮ್ಮ ಮಾತಿಗೆ ಬೆಲೆ ಬರಲೆಂದು ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ ಅವರೇ ವೈದ್ಯರಾದರು. ಆಹಾರದ ಕುರಿತ ಅವರ ಕಟ್ಟುನಿಟ್ಟಿನ ನಿಲುವನ್ನು ಎಲ್ಲರೂ ಒಪ್ಪುವುದಿಲ್ಲ. ಆ ಚರ್ಚೆ ಇಲ್ಲಿ ಬೇಡ. ಅಳತೆಗೋಲು ವೈದ್ಯರ ಮೇಜಿನಿಂದ ರೋಗಿಯ ಕೈಗೆ ಬಂತು ಎಂಬುದಷ್ಟೇ ನಮಗಿಲ್ಲಿ ಮುಖ್ಯ. 1970ರ ದಶಕದ ಕೊನೆಯ ಹೊತ್ತಿಗೆ ಮನೆಯಲ್ಲೇ ಅಳೆದುಕೊಳ್ಳುವುದು ಒಪ್ಪಿತ ಪದ್ಧತಿಯಾಗತೊಡಗಿತು.

ಟ್ರಯಥ್ಲಾನ್ ಹುಟ್ಟಿದ್ದೂ ಅದೇ ದಶಕದಲ್ಲಿ ಎಂಬುದು ಆಕಸ್ಮಿಕ. 1974ರ ಸೆಪ್ಟೆಂಬರ್ 25ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇಯಲ್ಲಿ ಅಲ್ಲಿನ ಓಟಗಾರರ ಸಂಘ ಓಟ, ಸೈಕಲ್, ಈಜುಗಳನ್ನು ಸೇರಿಸಿ ಒಂದು ಸ್ಪರ್ಧೆ ನಡೆಸಿತು. (ಟೈಪ್ 1ರಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಲ್ಯಾಂಗರ್‌ಹಾನ್ಸ್ ದ್ವೀಪಗಳ ಮೇಲೆ ಎರಗುತ್ತದೆ ಎಂಬುದಕ್ಕೆ ಪ್ರಬಲ ಸಾಕ್ಷ್ಯ ಪ್ರಕಟವಾದದ್ದೂ ಅದೇ 1974ರಲ್ಲಿ.) 1978ರ ಫೆಬ್ರವರಿ 18ರಂದು ಹವಾಯಿಯಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ, ದ್ವೀಪದಲ್ಲಿ ಆಗಲೇ ನಡೆಯುತ್ತಿದ್ದ ಮೂರು ದೊಡ್ಡ ಸ್ಪರ್ಧೆಗಳ ದೂರವನ್ನು ಒಟ್ಟುಗೂಡಿಸಿ ಮೊದಲ ಐರನ್‌ಮ್ಯಾನ್ ನಡೆಸಿದರು. ಹದಿನೈದು ಮಂದಿ ಹೊರಟರು, ಹನ್ನೆರಡು ಮಂದಿ ಮುಟ್ಟಿದರು. ಗೆದ್ದ ಗಾರ್ಡನ್ ಹಾಲರ್‌ಗೆ ಹಿಡಿದದ್ದು 11 ಗಂಟೆ 46 ನಿಮಿಷ 58 ಸೆಕೆಂಡು.

ಅದಾಗಿ ಐದು ವರ್ಷಕ್ಕೆ, 1983ರಲ್ಲಿ, ಇನ್ಸುಲಿನ್ ಚುಚ್ಚಿಕೊಳ್ಳುವವನೊಬ್ಬ ಹವಾಯಿಯ ಸ್ಪರ್ಧೆಗೆ ಇಳಿದ. ಹಾಗೆ ಇಳಿದ ಮೊದಲಿಗನೆಂದು ಸಾಮಾನ್ಯವಾಗಿ ಗುರುತಿಸುವುದು ಬಿಲ್ ಕಾರ್ಲ್ಸನ್ ಎಂಬಾತನನ್ನು. ಆ ಬಗೆಯ ಸ್ಪರ್ಧೆಗೆ ಮಾರ್ಗದರ್ಶನ ಮಾಡುವ ವೈದ್ಯಗ್ರಂಥ ಆಗ ಇರಲಿಲ್ಲ. ಎಷ್ಟು ಗಂಟೆ ತುಳಿದರೆ ಎಷ್ಟು ಇನ್ಸುಲಿನ್ ಕಡಿಮೆ ಮಾಡಬೇಕು, ಎಷ್ಟು ತಿನ್ನಬೇಕು ಎಂಬುದನ್ನು ಇಂಥವರು ಬೆರಳು ಚುಚ್ಚಿ ಚುಚ್ಚಿ ಕಂಡುಕೊಂಡರು. ಲಾರೆನ್ಸ್ ಪ್ರಯೋಗಶಾಲೆಯಲ್ಲಿ ಮಾಡಿದ್ದನ್ನು, ಬರ್ನ್‌ಸ್ಟೈನ್ ಊಟದ ಮೇಜಿನ ಮುಂದೆ ಮಾಡಿದ್ದನ್ನು ಅವರು ಹೆದ್ದಾರಿಯ ಮೇಲೆ ಮಾಡಿದರು.

ಆ ಅಭ್ಯಾಸದ ಸ್ವರೂಪವೇನೆಂದು ತಿಳಿದರೆ ಇದರ ಕಷ್ಟ ಅರ್ಥವಾಗುತ್ತದೆ. ಈಜಿನಲ್ಲಿ ಅಳೆಯುವಂತಿಲ್ಲ. ಇಂದು ತೋಳಿಗೆ ಅಂಟಿಸಿಕೊಳ್ಳುವ ಸಂವೇದಕಗಳಿದ್ದರೂ ಅವುಗಳ ಸಂಕೇತ ನೀರಿನಲ್ಲಿ ಸಾಗುವುದಿಲ್ಲ. ಆದ್ದರಿಂದ ನೀರಿಗಿಳಿಯುವ ಮುನ್ನ ಸಕ್ಕರೆ ಎಷ್ಟಿದೆ, ಯಾವ ಕಡೆಗೆ ಹೊರಟಿದೆ ಎಂಬುದೆರಡನ್ನೂ ನೋಡಿಕೊಳ್ಳಬೇಕು. ಈಜುಡುಗೆಯ ತೋಳಿನೊಳಗೆ ಗ್ಲೂಕೋಸ್ ಜೆಲ್ಲಿನ ಪೊಟ್ಟಣ ಸಿಕ್ಕಿಸಿಕೊಳ್ಳುವುದು ಹಲವರ ರೂಢಿ. ಸ್ಪರ್ಧೆಯ ಬೆಳಗ್ಗೆ ಇನ್ನೊಂದು ಇಕ್ಕಟ್ಟು: ಉದ್ವೇಗದಲ್ಲಿ ಅಡ್ರಿನಲಿನ್ ಉಕ್ಕಿ ಸಕ್ಕರೆ 250ಕ್ಕೆ, 300ಕ್ಕೆ ಏರಬಹುದು. ಹೆದರಿ ಇನ್ಸುಲಿನ್ ಚುಚ್ಚಿಕೊಂಡರೆ ಅರ್ಧ ಗಂಟೆಯಲ್ಲಿ, ನಡುನೀರಿನಲ್ಲಿ ಅದು ಪಾತಾಳಕ್ಕೆ ಇಳಿಯಬಹುದು. ಸೈಕಲ್ಲಿನ ಮೇಲೆ ತಿನ್ನಲು ಅನುಕೂಲ; ಗಂಟೆಗೆ 30ರಿಂದ 60 ಗ್ರಾಂ ಶರ್ಕರ, ಕೆಲವೊಮ್ಮೆ ಇನ್ನೂ ಹೆಚ್ಚು, ಬಾಳೆಹಣ್ಣು ಖರ್ಜೂರ ಪಾನಕಗಳ ರೂಪದಲ್ಲಿ ಹೋಗುತ್ತಿರಬೇಕು. ಓಟದ ಹೊತ್ತಿಗೆ ಹೊಟ್ಟೆ ಏನನ್ನೂ ಒಲ್ಲೆನ್ನುತ್ತದೆ. ಆದರೆ ಸ್ನಾಯು ಕೇಳುವುದನ್ನು ನಿಲ್ಲಿಸುವುದಿಲ್ಲ. ಸ್ಪರ್ಧೆ ಮುಗಿದರೂ ಲೆಕ್ಕ ಮುಗಿಯದು: ಬರಿದಾದ ಸ್ನಾಯು, ಯಕೃತ್ತುಗಳು ರಾತ್ರಿಯಿಡೀ ಗ್ಲೂಕೋಸನ್ನು ಹೀರುತ್ತಲೇ ಇರುವುದರಿಂದ ಗಾಢ ನಿದ್ರೆಯ ವೇಳೆಯಲ್ಲಿ ಸಕ್ಕರೆ ಕುಸಿಯುವ ಭಯವಿದೆ. ಮೇಲಾಗಿ ನಿನ್ನೆಯ ಊಟ, ನಿನ್ನೆಯ ಇನ್ಸುಲಿನ್, ನಿನ್ನೆಯ ದೂರ ಎಲ್ಲವೂ ಇಂದೂ ಹಾಗೆಯೇ ಇದ್ದರೂ ಫಲ ಬೇರೆಯಾಗಬಹುದು. ಬಿಸಿಲು ಹೆಚ್ಚಿದರೆ ಇನ್ಸುಲಿನ್ ಬೇಗ ಮೈಗೆ ಹತ್ತುತ್ತದೆ. ನಿದ್ದೆಗೆಟ್ಟರೆ ಒಂದು ಬಗೆ, ಮುಟ್ಟಿನ ದಿನಗಳಲ್ಲಿ ಇನ್ನೊಂದು ಬಗೆ.

ಈ ಅನುಭವವೆಲ್ಲ ಶಾಸ್ತ್ರದ ರೂಪ ಪಡೆಯಲು ಬಹುಕಾಲ ಹಿಡಿಯಿತು. ಅಮೆರಿಕ, ಕೆನಡಾಗಳ 1441 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 1993ರಲ್ಲಿ ಮುಗಿದಾಗ, ಪದೇ ಪದೇ ಅಳೆದು ಸಕ್ಕರೆಯನ್ನು ಹತೋಟಿಯಲ್ಲಿಟ್ಟವರ ಕಣ್ಣು, ಮೂತ್ರಪಿಂಡ, ನರಗಳು ಬಹುಮಟ್ಟಿಗೆ ಉಳಿದಿದ್ದವು. ಆದರೆ ಅವರಲ್ಲಿ ತೀವ್ರವಾದ ‘ಲೋ’ ಮೂರು ಪಟ್ಟು ಹೆಚ್ಚಾಗಿತ್ತು. 1996ರಿಂದ ವೇಗವಾಗಿ ಕೆಲಸ ಮಾಡಿ ಬೇಗ ಇಳಿದುಹೋಗುವ ಇನ್ಸುಲಿನ್‌ಗಳು ಬಂದವು. 1999ರಿಂದ ನಿರಂತರವಾಗಿ ಅಳೆಯುವ ಸಂವೇದಕಗಳು ಬರತೊಡಗಿದವು. ದೊಡ್ಡ ವ್ಯಾಯಾಮ ಮಾಡುವ ಟೈಪ್ 1 ರೋಗಿಗಳಿಗಾಗಿ ತಜ್ಞರ ಅಂತರರಾಷ್ಟ್ರೀಯ ಒಮ್ಮತದ ಮಾರ್ಗಸೂಚಿ ಪ್ರಕಟವಾದದ್ದು 2017ರಲ್ಲಿ. ಆರಂಭಿಸುವಾಗ ಸಕ್ಕರೆ 126ರಿಂದ 180ರ ನಡುವೆ ಇರಲಿ, ಹಿಂದಿನ 24 ಗಂಟೆಯಲ್ಲಿ ತೀವ್ರ ‘ಲೋ’ ಆಗಿದ್ದರೆ ವ್ಯಾಯಾಮ ಬೇಡ ಎಂಬಂಥ ಸೂಚನೆಗಳು ಅದರಲ್ಲಿವೆ. ಕಾರ್ಲ್ಸನ್ ಕಡಲಿಗಿಳಿದು ಆಗಲೇ ಮೂವತ್ತನಾಲ್ಕು ವರ್ಷವಾಗಿತ್ತು.

ಅಷ್ಟರಲ್ಲಿ ರೋಗಿಗಳೇ ಬಹುದೂರ ಸಾಗಿದ್ದರು. 1999ರಲ್ಲಿ ರೋಗ ಪತ್ತೆಯಾದ ಈಜುಗಾರ ಗ್ಯಾರಿ ಹಾಲ್ ಜೂನಿಯರ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನವನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡು, 2004ರ ಅಥೆನ್ಸ್‌ನಲ್ಲಿ ಒಬ್ಬರೇ ಗೆದ್ದರು. 1997ರಲ್ಲಿ ಮಧುಮೇಹ ಪತ್ತೆಯಾಗಿ ಇನ್ಸುಲಿನ್ ಹಿಡಿದ ವಾಸಿಂ ಅಕ್ರಂ ಅದಾದ ಮೇಲೂ ಆರು ವರ್ಷ ಆಡಿ, 2003ರ ವಿಶ್ವಕಪ್ಪಿನಲ್ಲಿ ಏಕದಿನ ಪಂದ್ಯಗಳ ಐನೂರನೆಯ ವಿಕೆಟ್ ಪಡೆದರು. ಮಧುಮೇಹಿ ಸೈಕಲ್ ಸವಾರರ ‘ಟೀಮ್ ಟೈಪ್ 1’ ತಂಡ ಅಮೆರಿಕವನ್ನು ಕಡಲಿಂದ ಕಡಲಿಗೆ ದಾಟುವ, ಸುಮಾರು 3000 ಮೈಲಿಯ ಸ್ಪರ್ಧೆಯ ತಂಡ ವಿಭಾಗವನ್ನು 2007ರಲ್ಲಿ ಗೆದ್ದಿತು. ಕೆನಡಾದ ಸೆಬಾಸ್ಟಿಯನ್ ಸಾಸ್‌ವಿಲ್ 2014ರಲ್ಲಿ ತಮ್ಮ ದೇಶದ ಉದ್ದಕ್ಕೂ ಸುಮಾರು 7500 ಕಿ.ಮೀ. ಓಡಿದರು. ಯೋಜನವೆಂದರೆ ಎಷ್ಟೆಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಎಂಟು ಮೈಲಿಯೆಂದು ಹಿಡಿದರೂ ಅದು ಐನೂರು ಯೋಜನಗಳನ್ನು ಮೀರುತ್ತದೆ.

ಈ ಹೆಸರುಗಳನ್ನು ಪಟ್ಟಿಮಾಡಿ ‘ರೋಗವನ್ನು ಗೆದ್ದವರು’ ಎಂದು ಚಪ್ಪಾಳೆ ತಟ್ಟುವುದು ನಮ್ಮ ಪತ್ರಿಕೆಗಳ ರೂಢಿ. ಆ ಮಾತು ಸರಿಯಲ್ಲ. ಇವರಲ್ಲಿ ಯಾರೂ ರೋಗವನ್ನು ಗೆದ್ದಿಲ್ಲ; ಗುರಿ ಮುಟ್ಟಿದ ಸಂಜೆಯೂ ಅವರು ಇನ್ಸುಲಿನ್ ಚುಚ್ಚಿಕೊಂಡೇ ಊಟ ಮಾಡಿದರು. ಅವರಿಗೆ ದೊರೆತದ್ದು ಗೆಲುವಲ್ಲ, ಲೆಕ್ಕದ ಅರಿವು. ಆ ಅರಿವಿಗೆ ಬೇಕಾದ ಸಾಧನಗಳು ಅವರ ಕೈಯಲ್ಲಿದ್ದವು. ನಮ್ಮ ಪ್ರಶ್ನೆ ಆರಂಭವಾಗಬೇಕಾದದ್ದು ಇಲ್ಲಿಂದ.

ಭಾರತದಲ್ಲಿ ಮಧುಮೇಹಕ್ಕೆಂದೇ ಮೀಸಲಾದ ಚಿಕಿತ್ಸಾಲಯವನ್ನು ಎಂ. ವಿಶ್ವನಾಥನ್ ಅವರು ಮದರಾಸಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ತೆರೆದದ್ದು 1948ರಲ್ಲಿ. ಟೈಪ್ 1ಕ್ಕೇ ಮೀಸಲಾದ ಮಾರ್ಗಸೂಚಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊರತಂದದ್ದು 2022ರಲ್ಲಿ. 2019ರ ಅಕ್ಟೋಬರಿನಲ್ಲಿ ಗೋವೆಯ ಮೀರಾಮಾರ್ ಕಡಲತೀರದಲ್ಲಿ ಅರ್ಧ ದೂರದ ಐರನ್‌ಮ್ಯಾನ್ ಮೊದಲ ಬಾರಿಗೆ ನಡೆದ ಮೇಲೆ ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ನಸುಕಿಗೆದ್ದು ಈಜಿ ಓಡುವವರ ಸಂಖ್ಯೆ ಬೆಳೆದಿದೆ. ಅವರ ನಡುವೆ ತೋಳಿಗೆ ಸಂವೇದಕ ಅಂಟಿಸಿಕೊಂಡವರನ್ನೂ ಕಾಣಬಹುದು. ಆದರೆ ಹದಿನಾಲ್ಕು ದಿನ ಬಾಳುವ ಅಂಥ ಒಂದು ಸಂವೇದಕದ ಬೆಲೆ ಕೆಲವು ಸಾವಿರ ರೂಪಾಯಿ. ಅದೇ ಹೊತ್ತಿನಲ್ಲಿ, ಫ್ರಿಜ್ಜಿಲ್ಲದ ಮನೆಗಳಲ್ಲಿ ಇನ್ಸುಲಿನ್ ಸೀಸೆಯನ್ನು ನೀರು ಚಿಮುಕಿಸಿದ ಮಣ್ಣಿನ ಕುಡಿಕೆಯಲ್ಲಿಟ್ಟು ಕಾಯುವ ತಾಯಂದಿರಿದ್ದಾರೆ. ರಕ್ತಪರೀಕ್ಷೆಯ ಪಟ್ಟಿಗಳು ತಿಂಗಳ ಕೊನೆಯವರೆಗೆ ಬರಲೆಂದು ದಿನಕ್ಕೆ ಒಂದೇ ಬಾರಿ ಅಳೆಯುವವರಿದ್ದಾರೆ. ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಮಗಳ ರೋಗವನ್ನು ನೆಂಟರಿಂದ ಮುಚ್ಚಿಡುವವರಿದ್ದಾರೆ. ಆ ಮಕ್ಕಳ ಪಾಲಿಗೆ ಕಾಲ ಇನ್ನೂ ನಳಿಕೆ, ಸ್ಪಿರಿಟ್ ದೀಪಗಳ ಹತ್ತಿರವೇ ನಿಂತಿದೆ. ತಲಾ ಒಂದು ಡಾಲರಿಗೆ ಹಕ್ಕು ಬಿಟ್ಟುಕೊಟ್ಟವರ ಆಶಯ ಔಷಧದ ಬೆಲೆಗೆ ಸಂಬಂಧಿಸಿತ್ತು. ಅಳತೆಯ ಬೆಲೆಯ ಬಗ್ಗೆ ಅಂಥ ಒಂದು ನಿರ್ಧಾರವನ್ನು ಯಾರೂ ಮಾಡಿಲ್ಲ.

ಬ್ಯಾಂಟಿಂಗ್ ಅವರ ಹುಟ್ಟುಹಬ್ಬವಾದ ನವೆಂಬರ್ 14 ವಿಶ್ವ ಮಧುಮೇಹ ದಿನ. ನಮ್ಮ ದೇಶದಲ್ಲಿ ಅದೇ ಮಕ್ಕಳ ದಿನ. ಆ ದಿನ ಶಾಲೆಗಳಲ್ಲಿ ಓಟದ ಪಂದ್ಯಗಳು ನಡೆಯುತ್ತವೆ. ಮೈದಾನದ ಅಂಚಿನ ಬೆಂಚಿನ ಮೇಲೆ, ಗೆಳತಿಯರ ಚೀಲಗಳನ್ನು ಕಾಯುತ್ತ ಕುಳಿತ ಒಂದು ಹುಡುಗಿ ಎಲ್ಲಾದರೂ ಇರುತ್ತಾಳೆ. ಅವಳನ್ನು ಅಲ್ಲಿ ಕೂರಿಸಿದವರು ಕೆಟ್ಟವರಲ್ಲ. ಅವಳನ್ನು ರಕ್ಷಿಸುತ್ತಿದ್ದೇವೆಂದೇ ನಂಬಿದವರು. ಅವಳ ಕೈಗೆ ಒಂದು ಮೀಟರು, ಜೇಬಿಗೆ ನಾಲ್ಕು ಗ್ಲೂಕೋಸ್ ಬಿಲ್ಲೆ, ಪಕ್ಕದಲ್ಲಿ ಲಕ್ಷಣಗಳನ್ನು ಬಲ್ಲ ಒಬ್ಬ ಮೇಷ್ಟ್ರು ಇಷ್ಟಿದ್ದರೆ ಅವಳು ಎದ್ದು ಗೆರೆಯ ಮೇಲೆ ನಿಲ್ಲಬಹುದು. ನೂರು ಯೋಜನ ಆಮೇಲಿನ ಮಾತು. ಮೊದಲು ಆ ನೂರು ಮೀಟರ್.